ಉಪ್ಪರಿಗೆಗೆ ಕಲಪತ್ತು

ಅತ್ತೆಯ ಗಂಜಿಬಟ್ಟಲಲ್ಲಿ ಸೂಜಿ ಸಿಕ್ಕಿದ ಹೊತ್ತಿಗೆ ನಾನು ಕುಂದಾಪುರದ ಹೊಳೆದಂಡೆಯಲ್ಲಿ ಒಂದು ಬೋಟಿನ ಹೊಟ್ಟೆಯ ಕೆಳಗೆ ಮಲಗಿದ್ದೆ. ಸಂಜೆ ಬಸ್ಸಿಳಿದು ಗುಲ್ವಾಡಿಯ ಮನೆಗೆ ಬಂದಾಗ ಆ ಸೂಜಿ ಬಾಳೆಲೆಯ ತುಂಡಿನ ಮೇಲೆ, ಜಗಲಿಯ ನಟ್ಟನಡುವೆ ನನಗಾಗಿ ಕಾದಿತ್ತು. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಹೆಂಡತಿ ಮೆಟ್ಟಿಲ ಬುಡದಲ್ಲಿ ನಿಂತು, ನೀವೇ ಏನಾದರೂ ಹೇಳಿ ಅನ್ನುವ ಮುಖ ಮಾಡಿಕೊಂಡಿದ್ದಳು.

ಅದು ಅತ್ತೆಯ ತಾಯಿಮನೆ. ಮದುವೆಯಾದ ಮೇಲೆ ನಾನು ಬೈಂದೂರು ಕಡೆಯಿಂದ ಬಂದು ಅಲ್ಲೇ ಉಳಿದವನು. ನಮ್ಮಲ್ಲಿ ಅದೇನೂ ಹೊಸತಲ್ಲ. ಹೆಂಚಿನ ಮಾಡಿನಡಿ ಒಂದು ಉಪ್ಪರಿಗೆ, ಅದರ ನೆಲಕ್ಕೆ ಬೋಗಿಮರದ ಹಲಗೆ. ಹಿಂದೆ ಅಲ್ಲಿ ಭತ್ತ, ಬಲೆ, ಹಳೆಯ ಹುಟ್ಟು ಇಂಥವನ್ನು ಇಡುತ್ತಿದ್ದರಂತೆ. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಫೈಬರ್ ದೋಣಿಗಳು ಬಂದು ಮರದ ದೋಣಿಯ ಕೆಲಸ ಇಳಿಮುಖವಾದ ಮೇಲೆ ಹೆಂಡತಿ ಉಪ್ಪರಿಗೆ ಗುಡಿಸಿ, ಹೊಲಿಗೆ ಮಿಷನ್‌ಗಳನ್ನಿಟ್ಟು, ಊರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ಶುರುಮಾಡಿದಳು. ಮನೆ ನಡೆಯುತ್ತಿದ್ದುದು ಅದರಿಂದಲೇ. ಉಪ್ಪರಿಗೆಯ ನೇರ ಕೆಳಗೆ ನಾವು ಊಟಕ್ಕೆ ಕೂರುವ ಜಾಗ. ಮೊದಲು ದಾರ ಬೀಳುತ್ತಿತ್ತು, ಆಮೇಲೆ ಗುಂಡಿ, ಕೊನೆಗೆ ಸೂಜಿ.

"ಮೇಲೆ ಹೊಲುದಾರೆ ಕೆಳ್ಗೆ ಉಂಬುಕಾತಿಲ್ಲ. ಮಳ್ಗಾಲದೊಳ್ಗೆ ಆ ಸಂದ್ ಮುಚ್ಚಿ. ಇಲ್ದಿರೆ ಕ್ಲಾಸ್ ಬೇಡ," ಎಂದರು ಅತ್ತೆ.

ಬೇರೆ ಜಾಗವಿರಲಿಲ್ಲ. ಜಗಲಿಗೆ ಮಳೆಯ ಎರಚಲು, ಒಳಕೋಣೆಯಲ್ಲಿ ಅತ್ತೆಯ ಮಂಚ. ಕ್ಲಾಸ್ ಹೋದರೆ ಹೆಂಡತಿಯ ಕೈ ಕಟ್ಟಿದಂತೆ, ಅವಳ ಕೈ ಕಟ್ಟಿದರೆ ನಮ್ಮೆಲ್ಲರ ಬಾಯಿ ಕಟ್ಟಿದಂತೆ. ಮನೆಯ ಮರಗೆಲಸ ಮಾಡುವ ಒಬ್ಬ ಆಚಾರಿಯನ್ನು ಕರೆಸೋಣವೇ ಎಂದು ಅವಳು ಕೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಕಸುಬು ಕಲಪತ್ತು: ದೋಣಿಯ ಹಲಗೆಗಳ ಸಂದಿಗೆ ಹತ್ತಿ ಬಡಿದು, ರಾಳ ಮೆತ್ತಿ, ನೀರು ಒಳಗೆ ಬಾರದಂತೆ ಮಾಡುವುದು. ಸಮುದ್ರವನ್ನೇ ಹೊರಗೆ ನಿಲ್ಲಿಸುವವನಿಗೆ ಸೂಜಿ ನಿಲ್ಲಿಸಲು ಇನ್ನೊಬ್ಬರು ಬೇಕೇ ಎಂದು ಕೇಳಿದೆ. ಅವಳು ಆಚಾರಿಯ ಮಾತು ಬಿಟ್ಟಳು. ಅಷ್ಟೇ ಅಲ್ಲ, ಮರುದಿನ ಕ್ಲಾಸಿನ ಹುಡುಗಿಯರ ಮುಂದೆ ಅದೇ ಮಾತನ್ನು ಹೆಮ್ಮೆಯಿಂದ ಹೇಳಿಕೊಂಡಳಂತೆ. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಬೇಸಿಗೆ ರಜೆಯಲ್ಲಿ ಕ್ಲಾಸ್ ನಿಲ್ಲಿಸಿ ಕೆಲಸಕ್ಕೆ ಕೂತೆ. ಕಾದ ಹೆಂಚಿನ ಕೆಳಗೆ ಉಪ್ಪರಿಗೆ ಒಲೆಯ ಹಾಗಿತ್ತು. ಹಲಗೆಗಳು ಒಣಗಿ ಕಟಕಟ ಅನ್ನುತ್ತಿದ್ದವು. ಮೊದಲು ಸಂದುಗಳನ್ನು ಕೊಕ್ಕೆಯಿಂದ ಕೆರೆದೆ. ಭತ್ತದ ಹೊಟ್ಟು, ಇಲಿಯ ಹಿಕ್ಕೆ, ಮುರಿದ ಬಳೆಚೂರು, ಗಟ್ಟಿಯಾದ ಮಣ್ಣು ಎಲ್ಲ ಎದ್ದು ಬಂತು. ಅದನ್ನೆಲ್ಲ ಗುಡಿಸಿ ಕುಂಚದಿಂದ ಒರೆಸಿದೆ. ಹತ್ತಿಯನ್ನು ತೊಡೆಯ ಮೇಲೆ ಉಜ್ಜಿ ಉದ್ದನೆಯ ಬತ್ತಿ ಮಾಡಿ ಹೊನ್ನೆಎಣ್ಣೆಯಲ್ಲಿ ಅದ್ದಿ ಹಿಂಡಿದೆ. ಕಲಪತ್ತಿನ ಉಳಿಯ ಬಾಯಿ ಚೂಪಲ್ಲ, ಚಪ್ಪಟೆ. ಅದು ಕಡಿಯುವುದಿಲ್ಲ, ತುರುಕುತ್ತದೆ. ಬತ್ತಿಯನ್ನು ಸಂದಿನ ಮೇಲೆ ಮಡಚಿಟ್ಟು ಉಳಿ ಹಿಡಿದು ಮರದ ಕೊಡತಿಯಿಂದ ಬಡಿಯಬೇಕು. ಒಂದು ಎಳೆ ಇಳಿದ ಮೇಲೆ ಇನ್ನೊಂದು. ಸಂದು ತುಂಬುತ್ತ ಬಂದಂತೆ ಕೊಡತಿಯ ಸದ್ದು ಬದಲಾಗುತ್ತದೆ. ಮೊದಲು ಮಂದ ಸದ್ದು, ಕೊನೆಗೆ ಗಂಟೆಯಂಥ ಸದ್ದು. ಆ ಸದ್ದು ಬರುವವರೆಗೆ ನನ್ನ ಕೈ ನಿಲ್ಲುವುದಿಲ್ಲ. ನನಗೆ ಕಲಿಸಿದವರು ಹಾಗೇ ಕಲಿಸಿದ್ದು.

ಮೇಲಿಂದ ರಾಳದ ಪುಡಿಯನ್ನು ಎಣ್ಣೆಯಲ್ಲಿ ಕುದಿಸಿ ಮೆತ್ತಿದೆ. ಒಣಗಿದ ಮೇಲೆ ಅಂಚು ಸವರಿ, ಇಡೀ ನೆಲಕ್ಕೆ ಎಣ್ಣೆ ತಿಕ್ಕಿದೆ. ಅಂಗೈ ಆಡಿಸಿದರೆ ಎಲ್ಲಿ ಹಲಗೆ ಮುಗಿಯಿತು, ಎಲ್ಲಿ ಸಂದು ಬಂತು ಅಂತ ತಿಳಿಯುತ್ತಿರಲಿಲ್ಲ. ನೆಲ ಒಂದೇ ಮರದಿಂದ ಕೊರೆದಂತಿತ್ತು. ನಾನು ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅತ್ತೆಯನ್ನು ಊಟದ ಜಾಗದಲ್ಲಿ ಕೂರಿಸಿ, ಮೇಲೆ ಹೋಗಿ ಒಂದು ಕೊಡ ನೀರು ಸುರಿದೆ. ಅಕ್ಕಪಕ್ಕದವರೂ ನೋಡಲು ಬಂದಿದ್ದರು. ಕೆಳಗೆ ಒಂದು ಹನಿಯೂ ಬೀಳಲಿಲ್ಲ. ಅತ್ತೆ ತಲೆ ಎತ್ತಿ ನೋಡಿ, ಸರಿ ಎಂಬಂತೆ ತಲೆಯಾಡಿಸಿದರು. ಆ ಮನೆಯಲ್ಲಿ ನನಗೆ ಅದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿದ್ದಿಲ್ಲ.

ಕಲಪತ್ತಿನವನ ತಲೆಯಲ್ಲಿ ಹಲಗೆ ಅಂದರೆ ನೀರಲ್ಲಿರುವ ಹಲಗೆ. ನೀರು ಕುಡಿದ ಹಲಗೆ ಉಬ್ಬಿ ಹತ್ತಿಯನ್ನು ಅಮುಕುತ್ತದೆ, ಸಂದು ಇನ್ನಷ್ಟು ಬಿಗಿಯಾಗುತ್ತದೆ. ದೋಣಿಗೆ ಅದೇ ಬೇಕಾದದ್ದು. ಅದರ ಹೊಟ್ಟೆ ದುಂಡಗಿದೆ, ಸುತ್ತ ಪಕ್ಕೆಲುಬುಗಳು ಹಿಡಿದುಕೊಂಡಿವೆ, ಉಬ್ಬು ಹಂಚಿಹೋಗುತ್ತದೆ. ಮನೆಯ ನೆಲ ಚಪ್ಪಟೆ, ಎರಡೂ ಕಡೆ ಕಲ್ಲಿನ ಗೋಡೆ. ಆ ಕೊಳಕು ಸಂದುಗಳು ಮಳೆಗಾಲದಲ್ಲಿ ಹಲಗೆಗಳು ಹಿಗ್ಗಲು ಉಳಿದ ಜಾಗ ಎಂಬುದು ನನಗೆ ಹೊಳೆಯಲೇ ಇಲ್ಲ. ಅದನ್ನೆಲ್ಲ ಬೇಸಿಗೆಯ ಬಿಸಿಲಲ್ಲಿ, ಮರ ಅತಿ ಹೆಚ್ಚು ಒಣಗಿದ್ದಾಗ, ಗಂಟೆಯ ಸದ್ದು ಬರುವಂತೆ ತುಂಬಿ ಕೂತಿದ್ದೆ.

ಮಳೆ ಹಿಡಿದಾಗ ಬೋಟುಗಳನ್ನು ದಡಕ್ಕೆ ಎಳೆಯುತ್ತಾರೆ. ಅದು ನನಗೆ ಉಸಿರಾಡಲೂ ಪುರಸತ್ತಿಲ್ಲದ ಕಾಲ. ನೆಲ ನಡೆದಾಗ ಡಬಡಬ ಅನ್ನುತ್ತದೆ, ನಡುವೆ ಸ್ವಲ್ಪ ಎದ್ದ ಹಾಗಿದೆ ಎಂದು ಹೆಂಡತಿ ಹೇಳಿದಳು. ಹೊಸ ಕಲಪತ್ತು ಕೂರಬೇಕಲ್ಲ, ಕೆಲವು ದಿನ ಹಾಗೇ ಎಂದೆ. ಮೇಲೆ ಹತ್ತಿ ನೋಡಲಿಲ್ಲ.

ಆ ಮಧ್ಯಾಹ್ನ ಪಕ್ಕದ ಮನೆಯವರು ಬೈಕಿನಲ್ಲಿ ಹೊಳೆದಂಡೆಯ ಬೋಟ್ ಯಾರ್ಡಿಗೆ ಬಂದರು. ಹೆಲ್ಮೆಟ್ ತೆಗೆಯದೆಯೇ, ಮನೆಗೆ ಬರಬೇಕಂತೆ ಎಂದರು. ಏನಾಯಿತೆಂದು ಕೇಳಿದರೆ, ನೀವೇ ಬಂದು ನೋಡಿ ಅನ್ನುತ್ತಾರೆ. ಅತ್ತೆಗೇನೋ ಆಯಿತು ಅಂದುಕೊಂಡೇ ದಾರಿಯುದ್ದಕ್ಕೂ ಮಳೆಯಲ್ಲಿ ನೆನೆದೆ. ಅಂಗಳದಲ್ಲಿ ಕೊಡೆ ಹಿಡಿದ ಜನ ನಿಂತಿದ್ದರು. ಅತ್ತೆಯೂ ನಿಂತಿದ್ದರು. ಎಲ್ಲರೂ ನೋಡುತ್ತಿದ್ದುದು ಉಪ್ಪರಿಗೆಯ ಕಿಟಕಿಯನ್ನು. ಕಿಟಕಿಯ ಮರದ ಸರಳುಗಳ ಹಿಂದೆ ಹುಡುಗಿಯರ ಮುಖಗಳು.

ಕ್ಲಾಸ್ ನಡೆಯುತ್ತಿದ್ದಾಗ ಪಟಾಕಿಯಂಥ ಸದ್ದಾಗಿ ಹಲಗೆಗಳು ಮೊಳೆ ಕಿತ್ತುಕೊಂಡು ಎದ್ದುಬಿಟ್ಟಿದ್ದವು. ಉಪ್ಪರಿಗೆಯ ಬಾಗಿಲು ಒಳಕ್ಕೆ ತೆರೆಯುವಂಥದು. ಎದ್ದ ಹಲಗೆ ಸರಿಯಾಗಿ ಅದರ ಕಾಲಿಗೆ ಅಡ್ಡ ನಿಂತಿತ್ತು. ಹೊರಗಿನಿಂದ ಭುಜ ಕೊಟ್ಟು ದೂಡಿದೆ, ಅಲುಗಲಿಲ್ಲ. ಜೋರಾಗಿ ಬಡಿದರೆ ಉಳಿದ ಹಲಗೆಗಳೂ ಎದ್ದಾವು ಎಂಬ ಭಯ. ಮಿಷನ್‌ಗಳು ಓರೆಯಾಗಿ ನಿಂತಿವೆ, ಹುಡುಗಿಯರು ಅಳುತ್ತಿದ್ದಾರೆ, ಬೇಗ ಏನಾದರೂ ಮಾಡಿ ಎಂದು ಬಾಗಿಲಾಚೆಯಿಂದ ಹೆಂಡತಿ ಹೇಳಿದಳು.

ಏಣಿ ತಂದು ಕಿಟಕಿಗೆ ಒರಗಿಸಿ, ಗರಗಸದಿಂದ ಸರಳು ಕೊಯ್ದೆ. ಅತ್ತೆಯ ಅಜ್ಜ ಇಡಿಸಿದ ಕಿಟಕಿ ಅದು. ಒಬ್ಬೊಬ್ಬಳೇ ಹುಡುಗಿ ಆ ಮಳೆಯಲ್ಲಿ ಹಿಮ್ಮುಖವಾಗಿ ಇಳಿದಳು, ಕೆಳಗೆ ಅಷ್ಟು ಜನ ನೋಡುತ್ತಿರುವಾಗ ಚೂಡಿದಾರದ ವೇಲು ಒಂದು ಕೈಯಲ್ಲಿ, ಏಣಿ ಇನ್ನೊಂದು ಕೈಯಲ್ಲಿ. ನಾನು ಏಣಿಯ ಬುಡ ಹಿಡಿದು ನೆಲ ನೋಡುತ್ತ ನಿಂತಿದ್ದೆ. ಮೀನು ಮಾರಿ ಹಿಂದಿರುಗುತ್ತಿದ್ದ ಒಬ್ಬ ಹೆಂಗಸು ಬುಟ್ಟಿ ಇಳಿಸಿ ಏಣಿಯ ಹತ್ತಿರ ಬಂದಳು. ಏಣಿಯ ನಡುವೆ ನಡುಗುತ್ತ ನಿಂತವಳು ಅವಳ ಮಗಳು. ಹೆಂಗಸು ನನ್ನ ಕೈಯನ್ನು ಏಣಿಯಿಂದ ಸರಿಸಿ ತಾನೇ ಹಿಡಿದುಕೊಂಡಳು.

ಕೊನೆಗೆ ಹೆಂಡತಿ ಇಳಿದಳು. ಅಷ್ಟರಲ್ಲಿ ಯಾರ್ಡಿನ ನನ್ನ ಜೊತೆಗಾರನೊಬ್ಬ ಬಂದಿದ್ದ. "ಹ್ವಾಯ್, ದೋಣಿ ಬಾಯ್ ಬಿಟ್ರೆ ನೀರ್ ಒಳ್ಗ್ ಬತ್ತ್. ನಿಮ್ ನೆಲದ್ ಬಾಯ್ ಮುಚ್ಚಿದ್ಕೆ ಮಕ್ಕಳ್ ಹೊರ್ಗ್ ಬಂದೊ," ಎಂದ. ಜನ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ, ಅಥವಾ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಆ ದಿನ ಎರಡಕ್ಕೂ ಮುಖವಿರಲಿಲ್ಲ. ಒದ್ದೆ ಬಟ್ಟೆಯಲ್ಲೇ ಹಟ್ಟಿಯ ಹಿಂದೆ ಹೋಗಿ ಕೂತೆ.

ಮರುದಿನ ಕ್ಲಾಸಿಗೆ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹೆಂಡತಿ ಹುಡುಗಿಯರ ಅರ್ಧ ಹೊಲಿದ ಬಟ್ಟೆಗಳನ್ನು ಮಡಚಿ ಹೆಸರು ಹೇಳಿಕೊಳ್ಳುತ್ತ ಬೇರೆ ಬೇರೆ ಇಟ್ಟಳು. ಬೈದರೆ ಸಮಾಧಾನವಾಗುತ್ತಿತ್ತು. ನಾನೇ ಕೆದಕಿ ಕೇಳಿದೆ, ಒಂದು ಮಾತಾದರೂ ಬೈಯಬಾರದೇ ಎಂದು.

"ಬೈಯುಕೂ ನಾಚ್ಕಿ ಆತ್ತ್," ಎಂದಳು. "ನಮ್ಮನಿಯವ್ರ್ ಸಮುದ್ರವನ್ನೇ ಹೊರ್ಗ್ ನಿಲ್ಸ್ತ್ರ್ ಅಂದೇಳಿ ಆ ಮಕ್ಕಳ್ ಹತ್ರ ನಾನೇ ಹೇಳದ್ದ್."

ಆಗ ನನಗೆ ಆದ ನಾಚಿಕೆ ಏಣಿಯ ಬುಡದ ನಾಚಿಕೆಗಿಂತ ದೊಡ್ಡದು. ಅಂಗಳದಲ್ಲಿ ಹೋದದ್ದು ನನ್ನ ಮಾನ ಮಾತ್ರ ಎಂದುಕೊಂಡಿದ್ದೆ. ನನ್ನ ಬಡಾಯಿಯನ್ನು ನಂಬಿ ಅವಳು ತನ್ನ ಮಾನವನ್ನೂ ಅದಕ್ಕೆ ಒತ್ತೆ ಇಟ್ಟಿದ್ದಳು.

ಕಿಟಕಿಯಿಂದಲೇ ಒಳಹೋಗಿ ಎದ್ದ ಹಲಗೆಗಳನ್ನು ಮೀಟಿ ತೆಗೆದೆ. ಬಾಗಿಲು ಬಿಟ್ಟುಕೊಂಡಿತು. ಗೋಡೆಗೆ ತಾಗಿದ್ದ ಎರಡೂ ಬದಿಯ ಹಲಗೆಗಳನ್ನು ಉದ್ದಕ್ಕೂ ಸೀಳಿ ಕಿರಿದು ಮಾಡಿ, ಗೋಡೆಯ ಬುಡದಲ್ಲಿ ಬೆರಳಗಲ ಜಾಗ ಬಿಟ್ಟೆ. ಆಮೇಲೆ ಬೇಸಿಗೆಯೆಲ್ಲ ಬಡಿದಿದ್ದ ಹತ್ತಿಯನ್ನು ಕೊಕ್ಕೆಯಿಂದ ಕೀಳುತ್ತ ಕೂತೆ. ಅದು ಅಷ್ಟು ಬಿಗಿಯಾಗಿತ್ತು, ಹಿಡಿದು ಎಳೆದರೆ ಕೊಕ್ಕೆಯೇ ಬಾಗುತ್ತಿತ್ತು. ಒಳ್ಳೆಯ ಕೆಲಸವೆಂದರೆ ಒಳ್ಳೆಯ ಕೆಲಸವೇ. ಜಾಗ ಮಾತ್ರ ತಪ್ಪು.

ನೆಲ ಮತ್ತೆ ಸಮವಾಯಿತು. ಸಂದುಗಳೂ ಮತ್ತೆ ಬಂದವು. ಮಳೆಗಾಲದಲ್ಲಿ ಅವು ಸಣ್ಣವು, ಆದರೆ ಬೇಸಿಗೆಗೆ ಬಾಯಿ ಬಿಡುವುದು ಖಂಡಿತ. ಹತ್ತಿಯನ್ನು ಬಡಿಯದೆ ಸಡಿಲವಾಗಿ ಇಟ್ಟರೆ ಹೇಗೆ ಎಂದು ಒಂದು ಸಂದಿನಲ್ಲಿ ಇಟ್ಟು ನೋಡಿದೆ. ಒಂದೆರಡು ಸಲ ಓಡಾಡುವಷ್ಟರಲ್ಲಿ ಎದ್ದು ಕಾಲಿಗೆ ಸಿಕ್ಕಿತು. ಮರದ ತೆಳು ಸೀಳು ತುರುಕಿದರೆ ಅದೂ ಹತ್ತಿಯಂತೆಯೇ ಒತ್ತುತ್ತದೆ. ಉಳಿದದ್ದು ಒಂದೇ ದಾರಿ. ಅದು ಮೊದಲ ದಿನದಿಂದಲೂ ನನಗೆ ಗೊತ್ತಿತ್ತು, ಅದಕ್ಕೇ ಅದರ ಕಡೆ ನೋಡಿರಲಿಲ್ಲ. ಸಂದನ್ನು ಸಂದಾಗಿಯೇ ಬಿಟ್ಟು, ಕೆಳಗಿನಿಂದ ಉದ್ದಕ್ಕೂ ಮರದ ಪಟ್ಟಿ ಹೊಡೆಯುವುದು. ಸೂಜಿ ಬಿದ್ದರೆ ಪಟ್ಟಿಯ ಮೇಲೆ ನಿಲ್ಲುತ್ತದೆ, ಹಲಗೆ ತನ್ನ ಪಾಡಿಗೆ ಹಿಗ್ಗಿ ಕುಗ್ಗುತ್ತದೆ.

ಕಲಪತ್ತಿನವರಲ್ಲಿ ಇದಕ್ಕಿಂತ ಕೀಳು ಕೆಲಸವಿಲ್ಲ. ಮುದಿ ದೋಣಿಯ ಸಂದು ಹತ್ತಿ ಹಿಡಿಯದಷ್ಟು ಸವೆದಾಗ ಅದರ ಮೇಲೆ ಪಟ್ಟಿ ಹೊಡೆಯುತ್ತಾರೆ. ಪಟ್ಟಿ ಹೊಡೆದ ದೋಣಿ ಹೊಳೆಯಲ್ಲಿ ಹೋದರೆ, ಯಾರಪ್ಪ ಇದರ ಕಲಪತ್ತು ಮಾಡಿದವ ಎಂದು ದಡದಿಂದ ಕೂಗಿ ಕೇಳುತ್ತೇವೆ. ನಾನೂ ಕೂಗಿದ್ದೇನೆ. ಈಗ ಅಂಥ ಪಟ್ಟಿ ನನ್ನ ಮನೆಯ ಊಟದ ಜಾಗದ ಮೇಲೆ, ಬಂದವರೆಲ್ಲ ತಲೆ ಎತ್ತಿದರೆ ಕಾಣುವಂತೆ ಇರಬೇಕು. ಒಂದು ರಾತ್ರಿ ಆ ಯೋಚನೆಯಲ್ಲೇ ಹೊರಳಿದೆ. ಬೆಳಿಗ್ಗೆ ಎದ್ದಾಗ ಹೆಂಡತಿ ಮಡಚಿಟ್ಟ ಬಟ್ಟೆಗಳಿಗೆ ಹುಳು ಹಿಡಿಯದಂತೆ ಬೇವಿನ ಸೊಪ್ಪು ಇಡುತ್ತಿದ್ದಳು. ನಾನು ಅಂಗಿ ಹಾಕಿಕೊಂಡು ಬ್ರಹ್ಮಾವರದ ಬಸ್ಸು ಹಿಡಿದೆ.

ಕುಂದಾಪುರದಲ್ಲೇ ಮರದ ಮಿಲ್ಲುಗಳಿದ್ದವು. ಆದರೆ ಅಲ್ಲಿ ಎಲ್ಲರಿಗೂ ನನ್ನ ಗುರುತು. ಬ್ರಹ್ಮಾವರದ ಮಿಲ್ಲಿನಲ್ಲಿ ತೆಳ್ಳಗೆ, ಎರಡು ಬೆರಳಗಲ ಪಟ್ಟಿ ಸೀಳಿಕೊಡಲು ಹೇಳಿದೆ. ಎಂತಕ್ಕೆ ಎಂದು ಕೇಳಿದ್ದಕ್ಕೆ ಪೆಟ್ಟಿಗೆ ಮಾಡಲು ಎಂದೆ. ಪೆಟ್ಟಿಗೆಗೆ ಇಷ್ಟುದ್ದ ಯಾಕೆ ಎಂದು ಅವರು ಮತ್ತೆ ಕೇಳಲಿಲ್ಲ, ಅದು ಅವರ ದೊಡ್ಡ ಮನಸ್ಸು.

ಅಡ್ಡತೊಲೆಯಿಂದ ಅಡ್ಡತೊಲೆಗೆ ಅಳೆದು ಪಟ್ಟಿ ತುಂಡು ಮಾಡಿದೆ. ಮೇಜಿನ ಮೇಲೆ ನಿಂತು ಕುತ್ತಿಗೆ ಹಿಂದಕ್ಕೆ ಚೆಲ್ಲಿ ಕೆಲಸ. ರಾಳದ ಚೂರು ಕಣ್ಣಿಗೆ ಉದುರುತ್ತಿತ್ತು. ಹೆಂಡತಿ ಪಟ್ಟಿಯ ಇನ್ನೊಂದು ತುದಿ ಹಿಡಿದಿದ್ದಳು. ಮೊದಲ ಪಟ್ಟಿಗೆ ನಾನು ಎರಡೂ ಹಲಗೆಗೆ ಮೊಳೆ ಹೊಡೆಯಹೊರಟೆ. ಕೈ ಅಭ್ಯಾಸದಂತೆ ಬಿಗಿ ಹುಡುಕುತ್ತದೆ.

"ಎರಡ್ ಬದಿಯೂ ಹೊಲುದ್ರೆ ಆಡುಕ್ ಜಾಗ ಎಲ್ಲಿತ್ತ್?" ಎಂದಳು ಅವಳು. ರವಿಕೆಯ ಕೊಕ್ಕೆಪಟ್ಟಿಯನ್ನೂ ಒಂದೇ ಬದಿಗೆ ಹೊಲಿಯುವುದಂತೆ. ನಾನು ಹೊಡೆದ ಮೊಳೆಯನ್ನು ಕಿತ್ತೆ. ಪ್ರತಿ ಪಟ್ಟಿಗೂ ಒಂದೇ ಹಲಗೆಯ ಕಡೆ ಮೊಳೆ, ಇನ್ನೊಂದು ಅಂಚು ಪಕ್ಕದ ಹಲಗೆಯ ಕೆಳಗೆ ಸುಮ್ಮನೆ ಜಾರುವಂತೆ. ಮುಗಿದ ಮೇಲೆ ಕೆಳಗೆ ಕೂತು ನೋಡಿದೆ. ಇಡೀ ಮಾಳಿಗೆಗೆ ಬ್ಯಾಂಡೇಜ್ ಸುತ್ತಿದ ಹಾಗೆ ಕಾಣುತ್ತಿತ್ತು. ಅತ್ತೆ ತಲೆ ಎತ್ತಿ ನೋಡಿದರು. ಈ ಸಲ ತಲೆಯಾಡಿಸಲಿಲ್ಲ, ಬೈಯಲೂ ಇಲ್ಲ.

ನೆಲ ಸರಿಯಾಯಿತು, ಹುಡುಗಿಯರು ಬರಬೇಕಲ್ಲ. ನಾನೊಬ್ಬಳೇ ಹೋದರೆ ಯಾರೂ ನಂಬಲಿಕ್ಕಿಲ್ಲ, ನೀವೂ ಬರಬೇಕು ಎಂದಳು ಹೆಂಡತಿ. ಕೊಡೆ ಹಿಡಿದು ಮನೆಮನೆಗೆ ಹೋದೆವು. ಪ್ರತಿ ಜಗಲಿಯಲ್ಲೂ ನಾನು ಒಂದೇ ಮಾತು ಹೇಳಬೇಕಿತ್ತು: ತಪ್ಪು ನನ್ನದು, ನೆಲಕ್ಕೆ ದೋಣಿಯ ಕೆಲಸ ಮಾಡಿದ್ದೆ, ಈಗ ಪಟ್ಟಿ ಹೊಡೆದಿದ್ದೇನೆ. ಪಟ್ಟಿ ಎಂಬ ಮಾತಿಗೆ ಬಂದಾಗ ನಾಲಗೆ ತೊದಲುತ್ತಿತ್ತು. ಕೆಲವರು ಕಾಫಿ ಕೊಟ್ಟರು, ಕೆಲವರು ನೋಡುವ ಎಂದರು. ಒಬ್ಬರು, ನಿಮ್ಮಂಥವರಿಂದಲೂ ಹೀಗಾಗುತ್ತದಲ್ಲ ಎಂದು ಸಮಾಧಾನ ಹೇಳಿದರು. ಅದು ಬೈಗುಳಕ್ಕಿಂತ ಚುಚ್ಚಿತು. ಯಾರೂ ಕಳಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಕೇಳುತ್ತಿದ್ದುದು, ಆ ಮೀನಿನವಳು ತನ್ನ ಮಗಳನ್ನು ಕಳಿಸುತ್ತಾಳಾ ಎಂದು.

ಅವಳ ಮನೆಗೆ ಕೊನೆಗೆ ಹೋದೆವು. ಅವಳು ಅಂಗಳದ ಕಟ್ಟೆಯ ಮೇಲೆ ಬುಟ್ಟಿ ತೊಳೆಯುತ್ತಿದ್ದಳು. ನಾನು ಹೇಳುವುದನ್ನೆಲ್ಲ ಹೇಳಿದೆ. ಅವಳು ಬುಟ್ಟಿ ಬೋರಲು ಹಾಕಿ, ಕೈ ಒರೆಸಿಕೊಂಡು ನನ್ನನ್ನು ನೇರವಾಗಿ ನೋಡಿದಳು.

"ನಮ್ಮನಿಯವ್ರ್ ಹೋಪು ಬೋಟಿಗೂ ಹತ್ತಿ ಹೊಡ್ದದ್ದ್ ನೀವೇ ಅಲ್ದಾ?"

ಹೌದು ಎಂದೆ. ಅದು ಆ ಮಳೆಗಾಲದಲ್ಲೇ ನಾನು ಮಾಡಿ ಮುಗಿಸಿದ ಬೋಟು.

"ಅದೂ ಹೀಂಗೆಯಾ?"

ಇಪ್ಪತ್ತು ವರ್ಷ ಈ ಕೈಯಿಂದ ಮಾಡಿದ ಕೆಲಸವೆಲ್ಲ ಆ ಅಂಗಳದ ಕೆಸರಲ್ಲಿ ಬಿದ್ದಂತಾಯಿತು. ದೋಣಿಯ ಮಾತು ಬೇರೆ, ಅದು ದುಂಡಗಿರುತ್ತದೆ, ನೀರಲ್ಲಿರುತ್ತದೆ ಎಂದು ವಿವರಿಸಲು ಹೊರಟೆ. ನನ್ನ ಕಿವಿಗೇ ಅದು ನೆಪದಂತೆ ಕೇಳಿಸಿ ಅರ್ಧಕ್ಕೆ ನಿಲ್ಲಿಸಿದೆ. ಪಕ್ಕದಲ್ಲಿ ಹೆಂಡತಿ ಕೊಡೆಯ ಹಿಡಿಯನ್ನು ತಿರುಗಿಸುತ್ತ ನಿಂತಿದ್ದಳು.

"ಬೋಟ್ ನೀರಿಗ್ ಇಳ್ಸುವತ್ತಿಗೆ ಅಡಿಯಂಗೆ ಕೂಕಂಬುದ್ ಯಾರ್?" ಎಂದು ಹೆಂಗಸು ಕೇಳಿದಳು.

ನಾನೇ ಎಂದೆ. ಅದು ನಮ್ಮ ದಂಡೆಯ ಪದ್ಧತಿ. ಹೊಸ ಕಲಪತ್ತಾದ ಬೋಟು ನೀರಿಗಿಳಿದಾಗ ಅದರ ತಳದಲ್ಲಿ ಮೊದಲು ಕೂರುವವನು ಕಲಪತ್ತು ಮಾಡಿದವನೇ. ನೀರು ಜಿನುಗುವುದಿಲ್ಲ ಎಂದು ಖಾತ್ರಿಯಾಗಿ ಅವನು ಮೇಲೆ ಬರುವವರೆಗೆ ಬೇರೆ ಯಾರೂ ಹತ್ತುವುದಿಲ್ಲ.

"ಹಾಂಗಾರೆ ಇಲ್ಲೂ ಕೂಕಣಿ. ನನ್ ಮಗ್ಳ್ ಮೇಲಿಪ್ಪತ್ತಿಗೆ ನೀವ್ ಅದ್ರ್ ಅಡಿಯಂಗ್ ಇರ್ಕ್. ನಾನ್ ಕಳ್ಸ್ತೆ."

ಅವಳ ಮಗಳು ಬಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ಯಾರ್ಡಿನ ಮಾಲೀಕರಿಗೆ ಮಧ್ಯಾಹ್ನದ ಮೇಲೆ ಬರಲಾಗುವುದಿಲ್ಲ ಎಂದೆ. ಕಾರಣ ಕೇಳಿದರು, ಹೇಳಿದೆ, ಅವರು ನನ್ನ ಮುಖ ನೋಡಲಾರದೆ ಬೇರೆಡೆ ನೋಡಿದರು. ಕ್ಲಾಸಿನ ಹೊತ್ತಿಗೆ ನಾನು ಊಟದ ಜಾಗದಲ್ಲಿ, ಪಟ್ಟಿಗಳ ಕೆಳಗೆ ಚಾಪೆ ಹಾಕಿ ಕೂರುತ್ತಿದ್ದೆ. ಮೇಲೆ ಮಿಷನ್ ಗಡಗಡ, ಹುಡುಗಿಯರ ಕಾಲಸಪ್ಪಳ, ಹೆಂಡತಿಯ ಗದರಿಕೆ, ನಗು. ಕೆಳಗೆ ಕೆಲಸವಿಲ್ಲದೆ ಕೂತ ಗಂಡಸು. ದಾರಿಯಲ್ಲಿ ಹೋಗುವವರು ತೆರೆದ ಬಾಗಿಲಿಂದ ಇಣುಕಿ, ಎಂತ ಕೂತದ್ದು ಎಂದು ಕೇಳಿದರೆ, ನೆಲ ಕಾಯುತ್ತಿದ್ದೇನೆ ಎನ್ನುತ್ತಿದ್ದೆ.

ಆ ಹೆಂಗಸು ಸಂಜೆ ಖಾಲಿ ಬುಟ್ಟಿಯೊಂದಿಗೆ ಬರುವಾಗ ನಮ್ಮ ಅಂಗಳದಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ನಾನು ಕೂತಿದ್ದೇನೆಯೇ ಎಂದು ನೋಡಿ ಮುಂದೆ ಹೋಗುತ್ತಿದ್ದಳು. ಮಳೆ ಇಳಿದು ಸೋಣೆ ತಿಂಗಳು ಬಂದಾಗ ಅವಳ ಗಂಡನ ಬೋಟು ನೀರಿಗಿಳಿಯಿತು. ತಳದಲ್ಲಿ ಕೂತು ಒಣ ಬಟ್ಟೆಯಲ್ಲೇ ಮೇಲೆ ಬಂದೆ, ಅವಳೂ ದಡದಲ್ಲಿ ನಿಂತು ನೋಡಿದಳು. ಆ ಸಂಜೆ ಇನ್ನು ಸಾಕು, ಏಳಿ ಎನ್ನುತ್ತಾಳೆ ಎಂದುಕೊಂಡೆ. ಅವಳು ಎಂದಿನಂತೆ ಅಂಗಳದಲ್ಲಿ ನಿಂತಳು, ನೋಡಿದಳು, ಹೋದಳು. ಬೇಸಿಗೆ ಬಂದು ಹಲಗೆಗಳು ಕುಗ್ಗಿ ಮತ್ತೆ ಮಳೆಗೆ ಹಿಗ್ಗಿದವು, ಒಂದು ಮೊಳೆಯೂ ಏಳಲಿಲ್ಲ. ಆಗಲೂ ಅವಳು ಸಾಕು ಎನ್ನಲಿಲ್ಲ, ಕೇಳಲು ನನಗೆ ಬಾಯಿ ಬರಲಿಲ್ಲ. ಅವಳ ಮಗಳು ಕಲಿಯುವುದನ್ನೆಲ್ಲ ಕಲಿತು ಮುಗಿಸುವವರೆಗೆ ನಾನು ಆ ನೆಲದ ಕೆಳಗೆ ಕೂತೇ ಇದ್ದೆ.